ಕುಂಕುಮದಡಿಯ ನಂಬರು

ಕೋವಿ ಅಂಗಡಿಗೆ ಹೆಂಗಸರು ಹೋಗಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ನಲವತ್ತೆಂಟು ವರ್ಷ ಚಾಮರಾಜನಗರದಲ್ಲಿ ಸಂಸಾರ ಮಾಡಿ, ಅದರಲ್ಲಿ ಮೂವತ್ತು ವರ್ಷ ದಿನಕ್ಕೆರಡು ಸಲ ಅದೇ ಅಂಗಡಿಯ ಮುಂದೆ ಸ್ಕೂಲಿಗೆ ನಡೆದು ಹೋಗಿ ಬಂದ ನಾನು, ಅದರ ಮೆಟ್ಟಿಲು ಹತ್ತಿದ್ದು ನಮ್ಮ ಯಜಮಾನರು ತೀರಿಕೊಂಡ ಮೇಲೆಯೇ. ಒಂದು ಪಕ್ಕ ಬಿತ್ತನೆ ಬೀಜದ ಅಂಗಡಿ, ಇನ್ನೊಂದು ಪಕ್ಕ ಜೆರಾಕ್ಸ್, ನಡುವೆ ಅದು. ಒಳಗೆ ಬ್ಯಾಂಕಿನ ಸ್ಟ್ರಾಂಗ್ ರೂಮಿನಂತೆ ಏನೋ ಭಯಂಕರವಾಗಿರುತ್ತದೆ ಎಂದುಕೊಂಡಿದ್ದೆ. ನೋಡಿದರೆ ದರ್ಜಿ ಅಂಗಡಿಯ ಹಾಗಿತ್ತು. ಸಾಲಾಗಿ ಕೋವಿಗಳು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಚೀಟಿಯ ಮೇಲೆ ಹೆಸರು, ಊರು. ಹೊಲಿಗೆಗೆ ಕೊಟ್ಟವರು ವಾಪಸು ಒಯ್ಯಲು ಬಾರದ ಬಟ್ಟೆಗಳ ಹಾಗೆ.

"ನಮಸ್ಕಾರ ಮಿಸ್" ಎಂದು ಎದ್ದು ನಿಂತವನು ಅಂಗಡಿಯ ಮಾಲೀಕ. ತಲೆ ನರೆತಿದೆ, ಅಜ್ಜನಾಗಿದ್ದಾನೆ. ಆದರೆ ಏಳನೇ ಕ್ಲಾಸಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತವನಾದ್ದರಿಂದ ಇವತ್ತಿಗೂ ನಾನು ನಿಂತಿದ್ದರೆ ಅವನು ಕೂರುವುದಿಲ್ಲ.

ಲೈಸೆನ್ಸ್ ಇದ್ದವರು ಸತ್ತರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ವಾರದಲ್ಲಿ ಅವನೇ ಬಂದು ನಮ್ಮ ಜೋಡು ನಳಿಗೆಯ ಕೋವಿಯನ್ನು ತನ್ನ ಅಂಗಡಿಯಲ್ಲಿ ಡಿಪಾಸಿಟ್ ಇಟ್ಟುಕೊಳ್ಳಲು ಒಯ್ದಿದ್ದ. ಅದು ಮಾವನವರು ಕೊಂಡದ್ದು. ಗುಂಡ್ಲುಪೇಟೆ ಕಡೆ, ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಜಮೀನಿದ್ದ ಕಾಲದ್ದು. ಜಮೀನು ಹೋಗಿ ಬಹಳ ವರ್ಷವಾಯಿತು, ಕೋವಿ ಉಳಿಯಿತು. ಮಗಳನ್ನು ಕೇಳಿದೆ. "ಅಮ್ಮಾ, ಪ್ಲೀಸ್, ಅದೊಂದು ಬೇಡ" ಎಂದಳು. ಹಾಗಾಗಿ ಮಾರುವುದಕ್ಕೆ ಡಿಸಿ ಆಫೀಸಿನಿಂದ ಪರ್ಮಿಷನ್ ತೆಗೆದುಕೊಂಡು, ಸುಮಾರು ಒಂದು ವರ್ಷದ ಮೇಲೆ ಅಂಗಡಿಗೆ ಹೋದೆ. ಕೊಳ್ಳುವವರನ್ನು ಅವನೇ ಹುಡುಕಿದ್ದ. ಅವರು ಬರುವವರೆಗೆ ನಾನು ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳುತ್ತಾ ಹೋದೆ. ಪ್ರಶ್ನೆ ಕೇಳುವುದು ನನಗೆ ಕಾನ್ವೆಂಟಿನಿಂದ ಅಂಟಿದ ರೋಗ. ನಮ್ಮ ಸಿಸ್ಟರುಗಳು ಬೇರೆ ಎಲ್ಲ ವಿಷಯಕ್ಕೂ ಬೈಯುತ್ತಿದ್ದರು, ಪ್ರಶ್ನೆ ಕೇಳಿದ್ದಕ್ಕೆ ಮಾತ್ರ ಬೈಯುತ್ತಿರಲಿಲ್ಲ.

"ಒಬ್ಬರ ಕೋವಿ ಇನ್ನೊಬ್ಬರಿಗೆ ಮಾಡಿಕೊಡುವ ಈ ಟ್ರಾನ್ಸ್‌ಫರ್ ಕೆಲಸ ನಿನಗೆ ಇಷ್ಟವೇನಯ್ಯಾ?"

"ನಿಜ ಹೇಳ್ಲಾ ಮಿಸ್? ಕಷ್ಟ. ಹೊಸ ಕೋವಿ ಮಾರೋದು ಮದುವೆ ಇದ್ದಂಗೆ. ಪೆಟ್ಟಿಗೆಯಿಂದ ತೆಗಿ, ಕವರ್ ಹರಿ, ಕೈಗೆ ಕೊಡು, ಎಲ್ಲ ನಗ್ತಾ ಹೋಗ್ತಾರೆ. ಟ್ರಾನ್ಸ್‌ಫರ್ ಅಂದ್ರೆ ಕೂಡಾವಳಿ. ಹಳೇ ಮನೆಯೋರು ಮುಖ ಆ ಕಡೆ ತಿರುಗಿಸಿ ಕೂತಿರ್ತಾರೆ, ಹೊಸ ಮನೆಯೋರು ಈ ಕಡೆ. ಮಧ್ಯೆ ನಾನು."

ಕೂಡಾವಳಿ ಎಂದರೆ ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಮಾಡಿಕೊಡುವ ಶಾಸ್ತ್ರ. ಎದುರಿಗೆ ಕೂತಿರುವವಳು ಯಾರೆಂದು ಅವನಿಗೆ ಆಮೇಲೆ ಹೊಳೆದು ನಾಲಗೆ ಕಚ್ಚಿಕೊಂಡ. ನನಗೆ ನಗು ಬಂತು.

"ಬೇಡ ಅಂದುಬಿಡಬಹುದಲ್ಲ?"

"ಎಷ್ಟೋ ಅಂಗಡಿಯೋರು ಹಂಗೇ ಅಂತಾರೆ. ನಮ್ಮಲ್ಲಿ ತಗೊಂಡಿದ್ದಲ್ಲ, ನಾವು ಮುಟ್ಟಲ್ಲ ಅಂತಾರೆ. ನಾನು ಹೆಂಗೆ ಅನ್ನಲಿ? ಈ ಸೀಮೇಲಿ ಅರ್ಧಕ್ಕರ್ಧ ಕೋವಿ ನಮ್ಮಪ್ಪನೇ ಮಾರಿದ್ದು. ಹೆಣ್ಣು ಕೊಟ್ಟ ಮೇಲೆ, ಕಷ್ಟ ಅಂತ ಅವಳು ವಾಪಸ್ ಬಂದಾಗ ಬಾಗಿಲು ಹಾಕ್ಕೊಳೋಕಾಗ್ತದಾ?"

ಒಮ್ಮೆ ಮೂವರು ಅಣ್ಣತಮ್ಮಂದಿರು ಅಪ್ಪನ ಕೋವಿ ಮಾರಲು ಬಂದು, ಒಬ್ಬರಿಗೊಬ್ಬರು ಮಾತಿಲ್ಲದೆ, ಮೂರು ಮೂಲೆಯಲ್ಲಿ ಕೂತು ಮೂರು ಬೇರೆ ಬೇರೆ ಪೆನ್ನಿನಲ್ಲಿ ಸೈನು ಹಾಕಿದರಂತೆ. ಇನ್ನೊಬ್ಬ ಮುದುಕರು ಮಾರಿದ ಮರುವಾರ ಬಂದು, ಕೊಂಡವನ ಊರು ಯಾವುದು, ಒಂದು ಸಲ ನೋಡಿಕೊಂಡು ಬರುತ್ತೇನೆ ಎಂದು ಹಟ ಹಿಡಿದರಂತೆ. ಹೊಸ ಕೋವಿ ಕೊಂಡವರು ಯಾರೂ ಹೀಗೆ ಮಾಡುವುದಿಲ್ಲ ಎಂದ. ಆದ್ದರಿಂದಲೇ ಅವನದೊಂದು ಪದ್ಧತಿ. ತಂದೆಯ ಕಾಲದಿಂದ ಬಂದದ್ದು. ಟ್ರಾನ್ಸ್‌ಫರ್ ಆಗುವಾಗ ಅಂಗಡಿಯವನು ತನ್ನ ಕೈಯಿಂದ ಕೋವಿ ದಾಟಿಸುವುದಿಲ್ಲ. ಕೊಡುವವರು ತಮ್ಮ ಕೈಯಾರೆ ಎತ್ತಿ ತೆಗೆದುಕೊಳ್ಳುವವರ ಕೈಗೆ ಕೊಡಬೇಕು. ಅವನು ಪಕ್ಕದಲ್ಲಿ ನಿಂತು ರಿಜಿಸ್ಟರಿನಲ್ಲಿ ಬರೆಯುತ್ತಾನೆ, ಅಷ್ಟೆ.

"ಆಮೇಲೆ ನಾಳೆ ಬಂದು ನೀನು ಕಿತ್ಕೊಂಡೆ ಅನ್ನಬಾರದು ನೋಡಿ."

ಅಷ್ಟರಲ್ಲಿ ಕೊಳ್ಳುವವಳು ಬಂದಳು. ಹೌದು, ಹೆಂಗಸು. ಮೂವತ್ತೈದರ ಆಸುಪಾಸು, ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಳ್ಳಿಯವಳು. ಹೊಲ ಅವಳ ಹೆಸರಿನಲ್ಲಿದೆ, ಗಂಡ ಊಟಿ ರೂಟಿನ ಬಸ್ಸಿನಲ್ಲಿ ಕಂಡಕ್ಟರು, ಮನೆಯಲ್ಲಿರುವುದೇ ಅಪರೂಪ. ಹೀಗಾಗಿ ಬೆಳೆ ಕಾಯುವ ಕೋವಿಯ ಲೈಸೆನ್ಸನ್ನು ಇವಳೇ ಮಾಡಿಸಿದ್ದಾಳೆ. ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿದ್ದ ಅದನ್ನು ತೆಗೆದು ನನಗೆ ತೋರಿಸಿದಳು.

"ಎರಡು ವರ್ಸ ಅಲ್ದಿವ್ನಿ ಕಣವ್ವ. ಪೊಲೀಸ್ನೋರು ಬಂದು ಮನೆ ನೋಡುದ್ರು, ಫಾರೆಸ್ಟ್ನೋರು ಬಂದು ಹೊಲ ನೋಡುದ್ರು, ತಾಸಿಲ್ದಾರ್ರು ಬಂದು ನನ್ನೇ ನೋಡುದ್ರು. ನನ್ ಮದ್ವೇಲೂ ಇಷ್ಟು ಜನ ನನ್ನ ನೋಡಿರ್ನಿಲ್ಲ."

ಆದರೆ ಲೈಸೆನ್ಸ್ ಸಿಕ್ಕಿದ ಮೇಲೆ ಇಂತಿಷ್ಟು ದಿನದೊಳಗೆ ಕೋವಿ ಕೊಂಡು ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಲೈಸೆನ್ಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಅಲೆಯಬೇಕು. ಅವಳಿಗೆ ಆ ತಿಂಗಳ ಕೊನೆಯವರೆಗೆ, ಇನ್ನು ಹನ್ನೆರಡು ದಿನ, ಸಮಯವಿತ್ತು. ಹೊಸ ಕೋವಿ ಕೊಳ್ಳುವ ಶಕ್ತಿ ಇಲ್ಲ. ನಮ್ಮದನ್ನು ನಂಬಿಕೊಂಡು ಬಂದಿದ್ದಳು.

ಅಂಗಡಿಯವನು ಕೋವಿಯನ್ನು ಟೇಬಲ್ಲಿನ ಮೇಲೆ ಮಲಗಿಸಿ, ಒಂದು ಕೈಯಲ್ಲಿ ನಮ್ಮ ಯಜಮಾನರ ಲೈಸೆನ್ಸ್ ಪುಸ್ತಕ, ಇನ್ನೊಂದು ಕೈಯಲ್ಲಿ ಭೂತಗನ್ನಡಿ ಹಿಡಿದು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ನಂಬರ್ ಕಾಣಿಸ್ತಿಲ್ಲ ಮಿಸ್."

ಕಾಣಿಸುವುದಾದರೂ ಹೇಗೆ? ನಳಿಗೆಯೂ ಮರವೂ ಸೇರುವ ಕಡೆ ಬೆರಳಗಲದ ಒಂದು ಚಪ್ಪಟೆ ಕಬ್ಬಿಣವಿದೆ. ನಂಬರು ಇರುವುದು ಅಲ್ಲಿ. ಪ್ರತಿ ಆಯುಧಪೂಜೆಗೆ ನಾನು ಕುಂಕುಮ ಇಟ್ಟದ್ದೂ ಅಲ್ಲೇ. ಬೊಟ್ಟು ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಆ ಕೋವಿಯಲ್ಲಿ ಇಲ್ಲ. ನನಗಿಂತ ಮೊದಲು ಅತ್ತೆಯವರೂ ಅಲ್ಲೇ ಇಟ್ಟಿರಬೇಕು. ಪೂಜೆಯ ಕುಂಕುಮವನ್ನು ಒರೆಸಬಾರದು. ಮೇಲೆ ಮೇಲೆ ಎಣ್ಣೆ ಕುಡಿದು, ಕಪ್ಪಾಗಿ, ಗಾಯದ ಹಕ್ಕಳೆಯ ಹಾಗೆ ಗಟ್ಟಿಯಾಗಿತ್ತು.

ಅವನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತಂದವನು ಕೈ ತಡೆದ.

"ಒರೆಸು, ಏನಾಯ್ತು?"

"ನಾವು ಅಂಗಡಿಯೋರು ಪೂಜೆ ಕುಂಕುಮ ಒರೆಸಲ್ಲ ಮಿಸ್. ಮನೆಯೋರೇ ಒರೆಸ್ಬೇಕು. ಅದರಲ್ಲೂ..." ಎಂದು ನನ್ನ ಹಣೆಯ ಕಡೆ ನೋಡಿದವನು ಅಲ್ಲಿಂದ ಕಣ್ಣು ಕಿತ್ತು ಫ್ಯಾನಿನ ಕಡೆ ನೋಡಿದ. ಬಂದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಕೊಡು ಇಲ್ಲಿ" ಎಂದೆ. ಒರೆಸಿದೆ. ಬಿಡಲು ಕಾಲು ಗಂಟೆ ಹಿಡಿಯಿತು. ಹಣೆಯದು ಅಷ್ಟು ಹೊತ್ತು ಹಿಡಿದಿರಲಿಲ್ಲ.

ನಂಬರು ಮೇಲೆ ಬಂತು. ಕೊನೆಯ ಅಂಕಿ ಏಳು. ಪುಸ್ತಕದಲ್ಲಿ ಕೊನೆಯ ಅಂಕಿ ಆರು.

ಅವನು ಗಾಜು ಒರೆಸಿಕೊಂಡು ಮತ್ತೆ ನೋಡಿದ. ನಾನೂ ನೋಡಿದೆ. ಆ ಹೆಂಗಸೂ ನೋಡಿದಳು. ಏಳೇ.

"ಹೋದ ವರ್ಷ ಡಿಪಾಸಿಟ್ ಇಟ್ಟುಕೊಂಡಾಗ ನಂಬರು ಎಲ್ಲಿಂದ ಬರೆದುಕೊಂಡೆ?"

ಅವನು ಕತ್ತು ತಗ್ಗಿಸಿದ. "ಪುಸ್ತಕ ನೋಡ್ಕೊಂಡು, ಮಿಸ್. ಸಾರ್ ಕೋವಿ ನನಗೆ ಗೊತ್ತಿರೋದೇ ಅಲ್ವಾ ಅಂತ..."

"ಕಾಪಿ ಹೊಡೆದೆ."

"ಹೂಂ ಮಿಸ್."

"ಏಳನೇ ಕ್ಲಾಸಿನಲ್ಲೂ ಹೊಡೆದೆ. ಆಗಲೂ ಸಿಕ್ಕಿಹಾಕಿಕೊಂಡೆ."

ಬೈದೆನೇ ಹೊರತು, ಅವನೊಬ್ಬನದೇ ತಪ್ಪಲ್ಲ. ಲೈಸೆನ್ಸ್ ರಿನ್ಯೂ ಮಾಡಿದವರು, ಎಲೆಕ್ಷನ್ ಬಂದಾಗಲೆಲ್ಲ, ಅದು ಮುಗಿಯುವವರೆಗೆ ಯಾರ ಮನೆಯಲ್ಲೂ ಕೋವಿ ಇರಬಾರದೆಂದು, ಇಸ್ಕೊಂಡು ರಸೀದಿ ಕೊಟ್ಟವರು, ಎಲ್ಲರೂ ಪುಸ್ತಕವನ್ನೇ ನೋಡಿ ಬರೆದಿದ್ದರು. ಕುಂಕುಮ ಒರೆಸುವ ಪಾಪ ಯಾರಿಗೆ ಬೇಕು?

ಪುಣ್ಯಕ್ಕೆ ಅವನ ತಂದೆ ಮಾರಿದ್ದನ್ನೆಲ್ಲ ಬರೆದಿಟ್ಟವರು. ಬಟ್ಟೆ ಸುತ್ತಿದ ಹಳೆಯ ರಿಜಿಸ್ಟರು ಇಳಿಸಿ ಹಾಳೆ ತಿರುವಿದ. ಒಂದೇ ದಿನ, ಒಂದೇ ಪೆಟ್ಟಿಗೆಯಿಂದ, ಅಕ್ಕಪಕ್ಕದ ನಂಬರಿನ ಎರಡು ಕೋವಿ ಮಾರಾಟವಾಗಿದ್ದವು. ಆರು ನಮ್ಮ ಮಾವನವರಿಗೆ. ಏಳು, ಇಲ್ಲೇ ಹತ್ತಿರದ ಕುದೇರು ಊರಿನ ಒಬ್ಬರಿಗೆ. ಅವಳಿ ಮಕ್ಕಳ ಹಾಗೆ ಒಂದನ್ನೊಂದು ಹೋಲುವ ಕೋವಿಗಳು. ಎಲೆಕ್ಷನ್ ಸಮಯದಲ್ಲಿ ಎರಡು ಮನೆಯವರೂ ಇದೇ ಅಂಗಡಿಯಲ್ಲಿ ಡಿಪಾಸಿಟ್ ಇಡುತ್ತಿದ್ದರು. ಯಾವುದೋ ಒಂದು ಎಲೆಕ್ಷನ್ ಮುಗಿದ ಮೇಲೆ, ಚೀಟಿ ಬಿಚ್ಚಿ ಕೊಡುವಾಗ, ಅದಲುಬದಲಾಗಿದೆ. ಪಾರ್ಲಿಮೆಂಟೋ, ಅಸೆಂಬ್ಲಿಯೋ, ಪಂಚಾಯ್ತಿಯೋ, ಯಾರಿಗೆ ಗೊತ್ತು?

ನನಗೆ ಒಂದು ನೆನಪು ಬಂತು. ಮಗಳು ಇನ್ನೂ ಫ್ರಾಕ್ ಹಾಕುತ್ತಿದ್ದ ಕಾಲ. ಅಂಗಡಿಯಿಂದ ಕೋವಿ ವಾಪಸು ತಂದ ದಿನ ಯಜಮಾನರು ಅದನ್ನು ಭುಜಕ್ಕಿಟ್ಟು ಇಳಿಸಿ, ಮತ್ತೆ ಇಟ್ಟು, "ಯಾಕೋ ಇದು ಬೇರೆ ಥರ ಕೂರುತ್ತಿದೆ ಕಣೇ" ಎಂದಿದ್ದರು. ನಾನು ಆನ್ಸರ್ ಶೀಟಿನಿಂದ ತಲೆ ಎತ್ತದೆ, "ವಯಸ್ಸಾಯ್ತು ನಿಮಗೆ" ಎಂದುಬಿಟ್ಟಿದ್ದೆ. ಆಗ ಅವರಿಗೆ ಬಹುಶಃ ನಲವತ್ತು.

ಅಂಗಡಿಯವನು ಅಲ್ಲಿಂದಲೇ ಕುದೇರಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. "ನನ್ ಕೋವಿ ನಂಗೊತ್ತಿಲ್ವೇನ್ಲಾ? ಕುಂಕ್ಮ ಒರ್ಸು ಅಂತೀಯಲ್ಲ, ಬಾಯಲ್ಲಿ ಒಳ್ಳೆ ಮಾತು ಬರಾಕಿಲ್ವಾ?" ಅರ್ಧ ಗಂಟೆ ಬಿಟ್ಟು ಅದೇ ದನಿ, ಬಹಳ ತಗ್ಗಿ, ತಾನಾಗಿ ಫೋನ್ ಮಾಡಿತು. "ಆರು ಅದೆ ಕಣಪ್ಪ."

ಮಾರನೆಯ ದಿನವೇ ಅವನು ಸ್ಟೇಷನ್ನಿಗೂ ಡಿಸಿ ಆಫೀಸಿಗೂ ನಡೆದದ್ದನ್ನೆಲ್ಲ ಬರೆದು ಕೊಟ್ಟ. ಮುಚ್ಚಿಟ್ಟು ಕೈಬದಲು ಮಾಡಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ನಾನೇ ಕೇಳಿದೆ, ಸುಮ್ಮನೆ, ಏನನ್ನುತ್ತಾನೆ ನೋಡೋಣವೆಂದು.

"ತಿಳೀತಿರ್ಲಿಲ್ಲ ಮಿಸ್. ಆದರೆ ಟ್ರಾನ್ಸ್‌ಫರಲ್ಲಿ ನಾನು ಮಾರೋದು ಕೋವಿ ಅಲ್ಲ, ನನ್ನ ಸೈನು. ಇಂಥ ಮನೇದು ಇಂಥ ಮನೆಗೆ ಹೋಯ್ತು ಅಂತ. ಅದೇ ಸುಳ್ಳಾದ್ರೆ ನಾನು ಯಾಕಿರ್ಬೇಕು? ನಮ್ಮಪ್ಪನೋ ನಾನೋ, ಇಬ್ಬರಲ್ಲಿ ಒಬ್ಬರ ಕೈಯಲ್ಲೇ ತಪ್ಪಾಗಿರೋದು."

ಆ ವಾರವೆಲ್ಲ ಅವನು ರ್ಯಾಕಿನಲ್ಲಿದ್ದ ಒಂದೊಂದು ಕೋವಿಯ ಮನೆಯವರಿಗೂ ಫೋನ್ ಮಾಡಿ ಕರೆಸಿ, ಅವರ ಕೈಯಿಂದಲೇ ಕುಂಕುಮ ಬಿಡಿಸಿ ನಂಬರು ನೋಡಿದನಂತೆ. ಉಳಿದವೆಲ್ಲ ಸರಿಯಾಗಿದ್ದವು.

ಅಧಿಕಾರಿಗಳು ಹೇಳಿದ್ದು ಇಷ್ಟು. ಎರಡೂ ಮನೆಯವರು ಒಪ್ಪಿ, ಪುಸ್ತಕದಲ್ಲಿರುವ ಹಾಗೆ ಕೋವಿ ಬದಲಾಯಿಸಿಕೊಂಡರೆ ಸಬ್‌ಇನ್ಸ್‌ಪೆಕ್ಟರು ಅಂಗಡಿಗೇ ಬಂದು ಮಹಜರು ಬರೆಯುತ್ತಾರೆ, ಒಂದೇ ದಿನದ ಕೆಲಸ. ಒಪ್ಪದಿದ್ದರೆ ಎರಡು ಲೈಸೆನ್ಸಿನಲ್ಲೂ ನಂಬರು ತಿದ್ದಬೇಕು. ಫೈಲು ಮೇಲಕ್ಕೆ ಹೋಗುತ್ತದೆ. ಯಾವಾಗ ಕೆಳಗೆ ಬರುತ್ತದೆ ಎಂದು ಯಾರೂ ಹೇಳಲಾರರು. ಬೆಟ್ಟದ ಕೆಳಗಿನವಳ ಲೈಸೆನ್ಸು ಅಷ್ಟರಲ್ಲಿ ಬಿದ್ದುಹೋಗುತ್ತದೆ.

ತಿಂಗಳು ಮುಗಿಯಲು ಮೂರು ದಿನವಿದ್ದಾಗ ಎಲ್ಲರೂ ಅಂಗಡಿಯಲ್ಲಿ ಸೇರಿದೆವು. ಕುದೇರಿನವರು ಗೂಡ್ಸ್ ಆಟೋದಲ್ಲಿ ಬಂದರು. ಎಪ್ಪತ್ತು ದಾಟಿದ ಗಟ್ಟಿ ಆಳು. ಹಳೆಯ ಪಂಚೆಯಲ್ಲಿ ಸುತ್ತಿದ ಕೋವಿಯನ್ನು ಮಗು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬೆಂಚಿನಲ್ಲಿ ಕೂತರು. ಕೂತು, ಯಾರೂ ಕೇಳುವ ಮೊದಲೇ, "ಕೊಡಾಕಿಲ್ಲ" ಎಂದರು.

"ನಂಬ್ರು ಆರಾಗ್ಲಿ ಏಳಾಗ್ಲಿ, ಇದು ನನ್ ಭುಜ ತಿಂದಿರ ಕೋವಿ. ಇದರ ಬುದ್ಧಿ ನಂಗೊತ್ತು, ನನ್ ಬುದ್ಧಿ ಇದಕ್ಕೆ ಗೊತ್ತು. ಇದ್ನ ಯಾವಳೋ ಹೆಣ್ಣೆಂಗ್ಸು ಕೈಗೆ ಕೊಟ್ಬುಟ್ಟು ಓಗ್ಲಾ?"

"ಯಾವಳೋ ಅಲ್ಲ ಕಣ್ ಮಾವ" ಎಂದಳು ಅವಳು. "ಇಲ್ಲೇ ಕೂತಿವ್ನಿ. ನನ್ ಮೊಕ ನೋಡ್ಕಂಡೇ ಅನ್ನಿ."

ಸಬ್‌ಇನ್ಸ್‌ಪೆಕ್ಟರು ಹುಡುಗ ವಯಸ್ಸಿನವರು. ಕಾಫಿ ಲೋಟ ಕೆಳಗಿಟ್ಟು, "ನನಗೆ ಮೂರು ಗಂಟೆಗೆ ಬಂದೋಬಸ್ತ್ ಇದೆ. ಜಗಳ ಆಡೋದಾದ್ರೆ ಬೇಗ ಆಡಿ" ಎಂದರು.

ನಾನು ಬಾಯಿ ಹಾಕಬೇಕೆಂದುಕೊಂಡೆ. ಆದರೆ ಏನೆಂದು ಹಾಕಲಿ? ಆ ಮನುಷ್ಯ ಕೊಡಲಾರೆ ಎನ್ನುತ್ತಿರುವುದು ಕಾನೂನಿನ ಪ್ರಕಾರ ನನ್ನ ಕೋವಿಯನ್ನು. ನನಗೆ ಅದನ್ನು ಕಂಡರೆ ಗುರುತೂ ಹತ್ತುವುದಿಲ್ಲ. ಅವರಿಗೆ ಅದೇ ಪ್ರಾಣ. ಟೆಕ್ನಿಕಲಿ ಹಕ್ಕು ನನ್ನದು, ಅಷ್ಟೆ.

ಕುದೇರಿನವರು ಅವಳ ಮುಖವನ್ನು ನಿಜವಾಗಿಯೂ ನೋಡಿದರು.

"ಏನಾಕಿದ್ದೀಯಮ್ಮಿ ಹೊಲಕ್ಕೆ?"

"ಅರಿಸ್ನ. ಅಂಚ್ಗೆ ಜ್ವಾಳ."

"ಹಂದಿ ಕಾಟ್ವಾ?"

"ಹಂದಿನೇ. ಜ್ವಾಳ ತಿಂದ್ಬುಟ್ಟು ಹೋದ್ರೆ ಓಗ್ಲಿ ಅನ್ಬೋದು ಮಾವ. ಅರಿಸ್ನ ಕೆದ್ರಿ ಕೆದ್ರಿ ಎಸ್ದು ಓಯ್ತವೆ. ತಿನ್ನದೂ ಇಲ್ಲ, ಬುಡದೂ ಇಲ್ಲ."

"ಈಗೇನ್ ಮಾಡೀಯೆ?"

"ಅಟ್ಟಣೆ ಮೇಲೆ ಕೂತ್ಕಂಡು ತಟ್ಟೆ ಬಡೀತೀನಿ. ಮೊದ್ಲು ಎದ್ರಿ ಓಡ್ತಿದ್ದೊ. ಈಗ, ಊಟಕ್ಕೆ ಕರೀತಾವ್ಳೆ ಅಂದ್ಕಂಡು ಬತ್ತವೆ."

ಕುದೇರಿನವರು ಮೊದಲು ಮೀಸೆಯೊಳಗೇ ನಕ್ಕರು. ಆಮೇಲೆ ತಡೆಯಲಾಗದೆ ಜೋರಾಗಿ ನಕ್ಕರು. ಸಬ್‌ಇನ್ಸ್‌ಪೆಕ್ಟರೂ ನಕ್ಕರು. ನಗು ನಿಂತ ಮೇಲೆ ಮುದುಕರು ಪಂಚೆಯ ಮೇಲಿಂದಲೇ ಕೋವಿಯನ್ನು ತಟ್ಟಿದರು.

"ಹಂದಿಗೆ ಹೊಡಿಯಂಗಿಲ್ಲ. ಗೊತ್ತಾ ನಿಂಗೆ? ಮೇಲಕ್ಕೆ ಒಂದ್ ಈಡು, ಅಷ್ಟೆ."

"ಗೊತ್ತು ಮಾವ. ಆ ಸದ್ದಿಗೇ ನಾನು ಎರಡು ವರ್ಸ ಅಲ್ದಿರದು."

"ಎಲ್ಲಿ, ನಿನ್ ಲೈಸೆನ್ಸ್ ಕೊಡು."

ಹಾಲಿನ ಕವರಿನಿಂದ ತೆಗೆದು ಕೊಟ್ಟಳು. ಅವರು ಅದನ್ನು ದೂರ ಹಿಡಿದು, ತಾರೀಖಿನ ಮೇಲೆ ಹೆಬ್ಬೆರಳಿಟ್ಟು ಓದಿದರು. ಎರಡು ಸಲ ಓದಿದರು. "ಮೂರೇ ದಿನ್ವಾ?" ಎಂದು ಅಂಗಡಿಯವನನ್ನು ಕೇಳಿದರು. ಅವನು ಹೌದೆಂದು ತಲೆಯಾಡಿಸಿದ, ಒಂದು ಮಾತೂ ಸೇರಿಸಲಿಲ್ಲ. ಒತ್ತಾಯ ಮಾಡಿದರೆ ಇವರು ಎದ್ದು ಹೋಗುತ್ತಾರೆಂದು ಅವನಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಇಷ್ಟು ವರ್ಷ ಇಂಥದ್ದನ್ನೇ ನೋಡಿಕೊಂಡು ಕೂತವನು.

"ಎಲ್ಲಾಕ್ಬೇಕು ಸೈನು?" ಎಂದರು ಕುದೇರಿನವರು.

ಮಹಜರಾಯಿತು. ಆಮೇಲೆ ಅಂಗಡಿಯ ಪದ್ಧತಿ. ಮೊದಲು ಏಳನ್ನು ನಾನು ಎತ್ತಿ ಕುದೇರಿನವರ ಕೈಗೆ ಕೊಟ್ಟೆ. ಇಷ್ಟು ಭಾರ ಎಂದು ನನಗೆ ಗೊತ್ತೇ ಇರಲಿಲ್ಲ. ಧೂಳು ಒರೆಸಿದ್ದೇನೆ, ಬೊಟ್ಟು ಇಟ್ಟಿದ್ದೇನೆ, ಎರಡೂ ಕೈಯಿಂದ ಎತ್ತಿದ್ದು ಅದೇ ಮೊದಲು. ಅವರು ಆರನ್ನು ಪಂಚೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು. ಮಾವನವರು ಕೊಂಡ ಕೋವಿ ಒಂದೇ ಒಂದು ನಿಮಿಷ ನನ್ನ ಹತ್ತಿರ ಇತ್ತು. ಅದನ್ನು ಅವಳ ಕೈಗೆ ಕೊಟ್ಟೆ. ಅಂಗಡಿಯವನು ಪಕ್ಕದಲ್ಲಿ ನಿಂತು, ಪ್ರತಿ ಸಲವೂ ಕಬ್ಬಿಣದ ಮೇಲಿನ ನಂಬರನ್ನೇ ಗಟ್ಟಿಯಾಗಿ ಓದಿ ಬರೆದುಕೊಂಡ.

ಅವಳು ಹಿಡಿದುಕೊಂಡ ರೀತಿ ಕುದೇರಿನವರಿಗೆ ಸರಿಬರಲಿಲ್ಲ. ಎದ್ದು ಬಂದರು. "ಅಂಗಲ್ಲ ಕಣಮ್ಮಿ, ಕೊಡ ಹೊತ್ಕಂಡಂಗೆ ಹಿಡ್ಕತೀಯಲ್ಲ. ಭುಜಕ್ಕೆ ಒತ್ತು. ಇನ್ನೂ ಒತ್ತು. ಸಡ್ಲ ಬುಟ್ರೆ ಒದೀತದೆ, ಎಮ್ಮೆ ಒದ್ದಂಗೆ. ಬಲಗಡೆ ಟ್ರಿಗರು ಬಿಗಿ, ಸರಸರ ಎಳೀಬ್ಯಾಡ. ಮಳೆ ದಿನ್ದಲ್ಲಿ ಮರ ಉಬ್ಬಿ, ಈಡು ತುಂಬಕ್ಕೋದ್ರೆ ಬಾಯಿ ಬುಡಾಕಿಲ್ಲ ಅಂತದೆ. ಆಗ ಬಯ್ಯಬ್ಯಾಡ, ಬಿಸ್ಲಿಗೆ ವಸಿ ಹೊತ್ತು ಮಲಗ್ಸು, ತಾನೇ ಬುಡ್ತದೆ." ಅವಳು ಪಾಠ ಒಪ್ಪಿಸುವ ಮಗುವಿನಂತೆ ಒಂದೊಂದಕ್ಕೂ ಹೂಂ ಎನ್ನುತ್ತಿದ್ದಳು. ಹೊರಗೆ ಅವಳ ಗಂಡ, ಆ ದಿನ ರಜೆ ಹಾಕಿ ಬಂದವನು, ಬಾಡಿಗೆ ಜೀಪಿನ ಬಾಗಿಲು ತೆರೆದು ಕಾಯುತ್ತಿದ್ದ. ಲೈಸೆನ್ಸಿನಲ್ಲಿ ನಂಬರು ಬರೆಸಿಕೊಂಡು, ಮುದುಕರ ಕಾಲು ಮುಟ್ಟಿ, ನನ್ನ ಕಡೆ ಬಂದು "ಬತ್ತೀನಿ ಕಣವ್ವ" ಎಂದು ಅವಳು ಹೊರಟಳು. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ಕುದೇರಿನವರು ಬಾಗಿಲಲ್ಲೇ ನಿಂತಿದ್ದರು.

ಒಳಗೆ ಬಂದು ಏಳನೇ ನಂಬರಿನ ಕೋವಿಯನ್ನು, ನಮ್ಮ ಮನೆಯಲ್ಲಿ ಅಷ್ಟು ವರ್ಷ ಇದ್ದದ್ದನ್ನು, ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದ್ಹೆಂಗೆ ಅವ್ವಾ ನಿಮ್ದು? ಒದೀತದಾ? ಏನಾರ ಅಡ್ಡ ಬುದ್ಧಿ ಅದಾ?"

ನಾನು ಬಾಯಿ ತೆರೆದೆ. ಭಾನುವಾರ ಊಟವಾದ ಮೇಲೆ ಯಜಮಾನರು ಹಜಾರದಲ್ಲಿ ಹಳೆಯ ನ್ಯೂಸ್‌ಪೇಪರ್ ಹಾಸಿ, ಅದನ್ನು ಬಿಚ್ಚಿ, ಉದ್ದ ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಎಳೆಯುತ್ತಿದ್ದದ್ದು ಗೊತ್ತು. ಎಣ್ಣೆಯ ವಾಸನೆ ಗೊತ್ತು. ಯಾವ ಪೇಪರಿನ ಮೇಲೆ ಯಾವ ಕಲೆ ಆಗುತ್ತಿತ್ತು ಎಂಬುದೂ ಗೊತ್ತು. ಊರಿಗೆಲ್ಲ ಪ್ರಶ್ನೆ ಕೇಳಿದವಳು, ಬಾಗಿಲಿನ ಆಚೆ ಕೂತಿದ್ದ ಯಜಮಾನರನ್ನು ಇದೊಂದು ಕೇಳಿರಲಿಲ್ಲ.

"ನನಗೆ ಗೊತ್ತಿಲ್ಲ" ಎಂದೆ.

"ಆಗ್ಲಿ ಬುಡಿ" ಎಂದರು ಅವರು, ಕೋವಿಯನ್ನು ಪಂಚೆಯಲ್ಲಿ ಸುತ್ತಿಕೊಳ್ಳುತ್ತಾ. "ನಾನೇ ಕೇಳ್ಕತೀನಿ."

"ಗೊತ್ತಾದರೆ ನನಗೂ ಒಂದು ಫೋನ್ ಮಾಡಿ ಹೇಳಿ" ಎಂದೆ.